ವರದಿಯ ತುಂಬ 'ಆರ್' ಅಕ್ಷರ

ನನ್ನ ಸೋದರತ್ತೆಯ ಮೂತ್ರದ ಕಲ್ಚರ್ ವರದಿ ಮುಂದಿದೆ. ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ, ಅದು ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ ಪರೀಕ್ಷೆ ಅದು. ಆ್ಯಂಟಿಬಯೋಟಿಕ್‌ಗಳ ಹೆಸರಿನ ಎದುರು ಸಾಲಾಗಿ 'ಆರ್', 'ಆರ್', 'ಆರ್'. ಈ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ ಎಂದು ಅದರರ್ಥ. ಮೆರೊಪೆನೆಮ್ ಮತ್ತು ಇನ್ನೊಂದೆರಡು ಇಂಜೆಕ್ಷನ್‌ಗಳ ಮುಂದೆ ಮಾತ್ರ 'ಎಸ್', ಅಂದರೆ ಬಗ್ಗುತ್ತದೆ.

ಅತ್ತೆ ಇರುವುದು ಶ್ರೀರಾಮಪುರದಲ್ಲಿ. ಸಕ್ಕರೆ ಕಾಯಿಲೆ ಹಳೆಯದು. ಉರಿಮೂತ್ರ ಶುರುವಾದರೆ ಬಾರ್ಲಿ ನೀರು, ಅದಕ್ಕೂ ತಗ್ಗದಿದ್ದರೆ ಬೀದಿಯ ಕೊನೆಯ ಔಷಧದಂಗಡಿಯಿಂದ ಸೆಫಿಕ್ಸಿಮ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ. ಚೀಟಿ ಎಲ್ಲಿ ಎಂದು ಕೇಳಿದವರಿಲ್ಲ. ಉರಿ ಇಳಿದ ಕೂಡಲೇ ಉಳಿದ ಮಾತ್ರೆಗಳು ಡಬ್ಬಿ ಸೇರುತ್ತಿದ್ದವು. ಈ ಸಲ ಚಳಿಜ್ವರ, ವಾಂತಿ, ಎಡಪಕ್ಕೆಯ ಹಿಂದೆ ನೋವು. "ಸೊಂಟ ಉಳುಕಿದೆ ಕಣೋ" ಎಂದು ಎರಡು ದಿನ ಮುಚ್ಚಿಟ್ಟರು. ಸಿಟಿ ಸ್ಕ್ಯಾನ್ ಮಾಡಿಸಿದಾಗ ಮೂತ್ರಪಿಂಡದೊಳಗೆ ಗಾಳಿ ತುಂಬಿತ್ತು!

ಎಂಫಿಸೆಮಾಟಸ್ ಪೈಲೊನೆಫ್ರೈಟಿಸ್ ಎಂಬ ಈ ಸೋಂಕು ಅಪರೂಪದ್ದು. ಬಂದವರಲ್ಲಿ ಬಹುಪಾಲು ಸಕ್ಕರೆ ಕಾಯಿಲೆಯವರು. ಇ. ಕೋಲೈ, ಕ್ಲೆಬ್ಸಿಯೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳು ಅಲ್ಲಿನ ಸಕ್ಕರೆಯನ್ನು ತಿಂದು ದೋಸೆ ಹಿಟ್ಟಿನಂತೆ ಹುದುಗೆಬ್ಬಿಸಿ ಅನಿಲ ಬಿಡುತ್ತವೆ. ಅತ್ತೆಯೊಳಗಿದ್ದ ಇ. ಕೋಲೈ ಇಎಸ್‌ಬಿಎಲ್ ಕಿಣ್ವ ತಯಾರಿಸುವಂಥದ್ದು. ಪೆನಿಸಿಲಿನ್, ಸೆಫಲೊಸ್ಪೊರಿನ್ ಗುಂಪಿನ ಹೆಚ್ಚಿನ ಔಷಧಗಳನ್ನು, ಸೆಫಿಕ್ಸಿಮ್ ಅನ್ನೂ ಸೇರಿಸಿ, ಆ ಕಿಣ್ವ ಒಡೆದುಹಾಕುತ್ತದೆ. ಮೂತ್ರಕೋಶದ ಸೋಂಕಿಗೆ ಕೊಡುವ ನೈಟ್ರೊಫ್ಯುರಾಂಟಾಯಿನ್ ಮಾತ್ರೆಯೂ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಅದು ಮೂತ್ರಪಿಂಡದ ಅಂಗಾಂಶವನ್ನು ಸಾಕಷ್ಟು ಮುಟ್ಟುವುದಿಲ್ಲವಂತೆ. ಬೆನ್ನಿನಿಂದ ನಳಿಕೆ ತೂರಿಸಿ ಕೀವು ತೆಗೆದರು, ಎರಡು ವಾರ ಇಂಜೆಕ್ಷನ್ ಕೊಟ್ಟರು. ಮೂತ್ರಪಿಂಡ ಉಳಿಯಿತು.

ನನಗೆ ಕೋಪವಿದೆ. ಸೆಫಿಕ್ಸಿಮ್‌ನಂಥ ಔಷಧಗಳು ಸರ್ಕಾರದ ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿವೆ. ಚೀಟಿಯಿಲ್ಲದೆ ಕೊಡಬಾರದು, ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆಯಬೇಕು. ನಿಯಮ ಜಾರಿಯಾದದ್ದು 2014ರಲ್ಲಿ! ಅಂಗಡಿಯವನನ್ನು ಮಾತ್ರ ಬೈದು ಸುಮ್ಮನಾಗಲಾರೆ. ಸಕ್ಕರೆ ಕಾಯಿಲೆಯವರಿಗೆ ಮತ್ತೆ ಮತ್ತೆ ಉರಿಮೂತ್ರವಾದರೂ ಕಲ್ಚರ್ ಮಾಡಿಸದೆ ಮಾತ್ರೆ ಬರೆಯುವ ವೈದ್ಯರೂ ಇದ್ದಾರೆ. ಮೊದಲ ಮಾತ್ರೆ ನುಂಗುವ ಮುನ್ನ ಮೂತ್ರದ ಮಾದರಿ ಕೊಡಿ, ದಯವಿಟ್ಟು. ವರದಿಗೆ ಎರಡು ಮೂರು ದಿನ ಬೇಕು. ಅಷ್ಟರೊಳಗೆ ಯಾವ ಔಷಧ ಎಂಬುದನ್ನು ವೈದ್ಯರು ನಿರ್ಧರಿಸಲಿ, ಆಮೇಲೆ ವರದಿ ನೋಡಿ ಬದಲಿಸಲಿ. ಜ್ವರದ ಜತೆ ಪಕ್ಕೆ ನೋವಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮೊನ್ನೆ ಅತ್ತೆಯ ಡಬ್ಬಿ ತೆರೆದೆ. ಅರ್ಧ ಉಳಿದ ಏಳು ಮಾತ್ರೆ ಪಟ್ಟಿಗಳು. ಅವನ್ನು ನೋಡುತ್ತಾ ಅತ್ತೆ ಸಣ್ಣ ದನಿಯಲ್ಲಿ ಹೇಳಿದರು: "ಪಕ್ಕದ ಮನೆಯ ಹುಡುಗಿಗೂ ಇದನ್ನೇ ಕೊಟ್ಟಿದ್ದೆನಲ್ಲೋ."