ಆಕ್ಸಿಜನ್ ಸೆನ್ಸರ್ ಕಳಚಿದರೆ ಮೈಲೇಜ್ ಹೆಚ್ಚುವುದಿಲ್ಲ: ಒಂದು ಸ್ಪಷ್ಟನೆ

‘ಪೆಟ್ರೋಲ್ ಕಾರಿನ ಆಕ್ಸಿಜನ್ ಸೆನ್ಸರಿನ ವಯರ್ ಕಳಚಿಟ್ಟರೆ ಮೈಲೇಜ್ ಹೆಚ್ಚುತ್ತದೆ, ಅದು ಇರುವುದು ಹೊಗೆ ತಪಾಸಣೆಗೆ ಮಾತ್ರ’ ಎಂಬ ಸಂದೇಶ ಕುಂಬಳೆ, ಬದಿಯಡ್ಕ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಹೊಗೆ ಹೊರಬರುವ ಕೊಳವೆಗೆ ಸ್ಪಾರ್ಕ್ ಪ್ಲಗ್ಗಿನಂತೆ ತಿರುಗಿಸಿ ಕೂರಿಸಿದ ಈ ಸೆನ್ಸರಿನ ತುದಿಯಲ್ಲಿ ಸಾಮಾನ್ಯವಾಗಿ ಜಿರ್ಕೋನಿಯಾದ ಪಿಂಗಾಣಿ ಭಾಗವಿದ್ದು, ಅದರ ಒಂದು ಬದಿಗೆ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ ತಾಗುತ್ತದೆ. ಅದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದ ಮೇಲೆ, ಎರಡು ಬದಿಗಳ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ವೋಲ್ಟೇಜ್ ಹುಟ್ಟುತ್ತದೆ: ಪೆಟ್ರೋಲ್ ಹೆಚ್ಚಾದರೆ ಸುಮಾರು 0.9, ಗಾಳಿ ಹೆಚ್ಚಾದರೆ ಸುಮಾರು 0.1 ವೋಲ್ಟ್. ಇದನ್ನು ಓದಿದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೆರೆದಿರುವ ಅವಧಿಯನ್ನು ಕ್ಷಣಕ್ಷಣಕ್ಕೂ ತಿದ್ದಿ, ಗಾಳಿ ಮತ್ತು ಪೆಟ್ರೋಲಿನ ತೂಕದ ಪ್ರಮಾಣವನ್ನು 14.7ಕ್ಕೆ 1ರ ಆಸುಪಾಸಿನಲ್ಲಿ ಇರಿಸುತ್ತದೆ. ವಯರ್ ಕಳಚಿದರೆ ಈ ತಿದ್ದುಪಡಿಯೇ ನಿಂತು, ಮೊದಲೇ ಬರೆದಿಟ್ಟ ಲೆಕ್ಕದ ಮೇಲೆ ಎಂಜಿನ್ ಓಡುತ್ತದೆ. ಸಾಮಾನ್ಯವಾಗಿ ಪೆಟ್ರೋಲ್ ಹೆಚ್ಚು ಸುಟ್ಟು, ಕ್ರಮೇಣ ಹೊಗೆಯಲ್ಲಿನ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹಾಳಾಗಬಹುದು.

ಸಂದೇಶಕ್ಕೆ ಒಂದು ಎಳೆಯಷ್ಟು ಆಧಾರ ಇಲ್ಲದಿಲ್ಲ. ಹಳತಾದ ಸೆನ್ಸರ್ ಗಾಳಿ ಹೆಚ್ಚಿದೆಯೆಂದು ಸದಾ ತಪ್ಪು ಹೇಳುತ್ತಿದ್ದರೆ ಇಸಿಯು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ, ಆಗ ವಯರ್ ಕಳಚಿದರೆ ಸುಧಾರಿಸಿದಂತೆ ಕಾಣಬಹುದು. ಅದಕ್ಕೆ ಪರಿಹಾರ ಹೊಸ ಸೆನ್ಸರ್.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ವಯರ್ ಕಳಚಿದವರು ಮರಳಿ ಜೋಡಿಸಿ. ಆಮೇಲೂ ಚೆಕ್ ಎಂಜಿನ್ ದೀಪ ಆರದಿದ್ದರೆ ಸ್ಕ್ಯಾನರ್ ಇರುವ ವರ್ಕ್‌ಶಾಪಿನಲ್ಲಿ ತೋರಿಸಿ.