ದರಕಿನ ಕಾಲ ಬಂತು, ಎಣ್ಣೆ ಬಂತೆ?

ಹೋದ ವರ್ಷ ಶಿವರಾತ್ರಿಯ ಹೊತ್ತಿಗೆ ಸಿದ್ದಾಪುರ ಕಡೆಯ ಸೋದರತ್ತೆಯ ಮನೆಯಲ್ಲಿದ್ದೆ. ಮಧ್ಯಾಹ್ನ ಸೊಪ್ಪಿನ ಬೆಟ್ಟದಿಂದ ದರಕು, ಅಂದರೆ ಕೊಟ್ಟಿಗೆಗೆ ಹಾಸುವ ಒಣ ಎಲೆ, ಹೊತ್ತು ಬಂದ ಅತ್ತೆ ಹೆಡಿಗೆಯನ್ನು ಅಂಗಳದಲ್ಲಿ ಬೋರಲು ಹಾಕಿ, ಜಗಲಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತರು. "ಇಲ್ಲೆಂತೋ ಕಚ್ಚಿದಾಂಗೆ ಆಗ್ತಿದ್ದು, ನೋಡು ತಮಾ" ಅಂದರು. ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಮಂಡಿಯ ಹಿಂಬದಿಯಲ್ಲಿ ಎಳ್ಳಿಗಿಂತ ಸಣ್ಣದೊಂದು ಕಂದು ಚುಕ್ಕೆ. ಕೈಯಾಡಿಸಿದರೂ ಮಣ್ಣಿನ ಕಣವೆಂದೇ ಅನ್ನಿಸಬೇಕು. ಚಿಮಟದಲ್ಲಿ ಹಿಡಿದು ನೇರಕ್ಕೆ ಎಳೆದಾಗ ಕಾಲಾಡಿಸಿತು. ಉಣುಗಿನ ಮರಿ.

ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ವೈರಸ್ ಅದರಲ್ಲಿ ಇರಲಿಲ್ಲ, ಅತ್ತೆಗೆ ಏನೂ ಆಗಲಿಲ್ಲ. ಆದರೆ ನಂತರದ ಎಂಟು ದಿನ ನಾನು ದಿನಾ ಬೆಳಿಗ್ಗೆ ಫೋನ್ ಮಾಡಿ "ಜ್ವರ ಇದ್ದಾ?" ಎಂದು ಕೇಳುತ್ತಿದ್ದೆ. ಕಚ್ಚಿದ ಮೇಲೆ ಮೂರರಿಂದ ಎಂಟು ದಿನದೊಳಗೆ ಮಂಗನ ಕಾಯಿಲೆ ಕಾಣಿಸಿಕೊಳ್ಳುತ್ತದೆ ಎಂದು ಗೊತ್ತಿದ್ದವರಿಗೆ ಆ ದಿನಗಳು ಹೇಗೆ ಹೋಗುತ್ತವೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ.

ಅದೇ ಸಂಜೆ ಆಶಾ ಕಾರ್ಯಕರ್ತೆ ಬಂದಿದ್ದರು. ಬಿಸಿಲಲ್ಲಿ ನಾಲ್ಕು ಮನೆ ನಡೆದು, ಬೆವರು ಒರೆಸಿಕೊಳ್ಳುತ್ತ, ಚೀಲದಿಂದ ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆಯ ಬಾಟಲಿ ತೆಗೆದುಕೊಟ್ಟರು. ಜೊತೆಗೆ ಒಂದು ಕರಪತ್ರ. ಅದರಲ್ಲಿದ್ದ ಸಲಹೆಗಳಲ್ಲಿ ದೊಡ್ಡಕ್ಷರದ್ದು: ಕಾಡಿಗೆ ಹೋಗಬೇಡಿ. ಅತ್ತೆ ಅದನ್ನು ಓದಿ, ಬೇಸರವಿಲ್ಲದೆಯೇ ಕೇಳಿದರು: "ಕಾಡಿಗೆ ಹೋಗದೆ ಇದ್ರೆ ಕೊಟ್ಟಿಗೆಗೆ ಎಂತ ಹಾಕೂದು ತಂಗೀ?"

ಆ ಹುಡುಗಿಯ ಹತ್ತಿರ ಉತ್ತರವಿರಲಿಲ್ಲ. ಅವಳ ಮನೆಯ ಕೊಟ್ಟಿಗೆಗೂ ದರಕು ಬೇಕು.

ನನ್ನ ತಕರಾರೆಲ್ಲ ಇಲ್ಲಿಂದಲೇ ಶುರು. ನಮ್ಮಲ್ಲಿ ಕಾಡು ಅಂದರೆ ಮನೆಯ ಹಿತ್ತಲು. ದರಕು ತರದಿದ್ದರೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದಿದ್ದರೆ ಅಡಿಕೆ ತೋಟವಿಲ್ಲ. ಎಲೆ ಉದುರಿ ಒಣಗುವ ಕಾಲ, ಹೆಂಗಸರು ಬೆಟ್ಟಕ್ಕೆ ಹೋಗುವ ಕಾಲ, ಉಣುಗಿನ ಮರಿಗಳು ನೆಲದ ಮಟ್ಟದಲ್ಲಿ ರಕ್ತಕ್ಕೆ ಕಾದಿರುವ ಕಾಲ ಮೂರೂ ಒಂದೇ. ನವೆಂಬರ್‌ನಿಂದ ಮೇ ತನಕ. ಈ ಲೆಕ್ಕ ಇವತ್ತು ನಿನ್ನೆಯದಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಹಳದಿ ಜ್ವರವೇ ಭಾರತಕ್ಕೆ ಬಂದುಬಿಟ್ಟಿತೇನೋ ಎಂಬ ಆತಂಕದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದರು. ಸಿಕ್ಕಿದ್ದು ಬೇರೆಯೇ ಹೊಸ ವೈರಸ್. ಉಣುಗಿನಿಂದ ಹರಡುತ್ತದೆ ಎಂದೂ ಅವರೇ ತೋರಿಸಿಕೊಟ್ಟರು. ಅಂದಿನಿಂದ ಅರವತ್ತು ವರ್ಷ ದಾಟಿದೆ. ಹೊನ್ನಾವರ, ಭಟ್ಕಳದ ಕಾಡಂಚಿನ ಊರುಗಳೂ ಈ ಜ್ವರವನ್ನು ಕಂಡಿವೆ. 2024ರಲ್ಲಿ ಸಿದ್ದಾಪುರ ತಾಲ್ಲೂಕು ಎಷ್ಟು ನರಳಿತು ಎಂಬುದನ್ನು ಯಾರೂ ಮರೆತಿರಲಿಕ್ಕಿಲ್ಲ. ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ, ಕೇರಳದ ವಯನಾಡಿನ ತನಕ ಇದು ಹೋಗಿದೆ.

ಹೆಸರಿನ ಬಗ್ಗೆಯೂ ಒಂದು ಮಾತು. ಮಂಗನ ಕಾಯಿಲೆ ಅನ್ನುತ್ತೇವೆ, ಆದರೆ ಮಂಗ, ಮುಸುವಗಳೂ ನಮ್ಮ ಹಾಗೇ ಕಚ್ಚಿಸಿಕೊಂಡು ಸಾಯುವಂಥವು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಕಾಯಿಲೆಯಾದವರ ಮನೆಗೆ ಹೋಗಲು ಹೆದರುವವರು ದಯವಿಟ್ಟು ಇದನ್ನು ಗಮನಿಸಿ. ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ನೆಲಕ್ಕೆ ಚದುರುತ್ತವೆ, ಅಪಾಯ ಆ ಜಾಗದಲ್ಲಿದೆ. ಹತ್ತಿರ ಹೋಗದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ಅದೇ ದಿನ ತಿಳಿಸಬೇಕು. ಎಷ್ಟೋ ಊರಲ್ಲಿ ಭಕ್ತಿಯಿಂದ ತಾವೇ ಎತ್ತಿ ಮಣ್ಣು ಮಾಡುತ್ತಾರೆ. ಭಕ್ತಿ ದೊಡ್ಡದೇ, ಆದರೆ ಕೈ ಹಾಕಬೇಡಿ.

ಇನ್ನು ಲಸಿಕೆ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆಯನ್ನು ವರ್ಷಗಟ್ಟಲೆ ಹಾಕಿದರು. ಎರಡು ಡೋಸ್, ಮೇಲೆ ಬೂಸ್ಟರ್, ಆಮೇಲೂ ವರ್ಷ ವರ್ಷ. ಅದರ ಶಕ್ತಿ ಸಾಲದು ಎಂದು 2022ರಲ್ಲಿ ಕೈಬಿಟ್ಟರು. ಕೈಬಿಟ್ಟದ್ದು ತಪ್ಪಲ್ಲ, ಕೆಲಸ ಮಾಡದ ಲಸಿಕೆ ಕೊಟ್ಟು ಧೈರ್ಯ ತುಂಬುವುದು ಇನ್ನೂ ಕೆಟ್ಟದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಲಸಿಕೆ ಕಂಪನಿ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸ ಲಸಿಕೆಗೆ ದುಡಿಯುತ್ತಿದ್ದಾರೆ, ಬೇಗ ಬರಲಿ. ಅದು ನಮ್ಮ ತೋಳಿಗೆ ಬರುವ ತನಕ ನಮಗಿರುವುದು ಆ ಬಾಟಲಿ ಎಣ್ಣೆ. ಡೆಪಾ ಎಂದು ಕರೆಯುತ್ತಾರೆ, ಮೊದಲು ಡಿಎಂಪಿ ಎಂಬ ಎಣ್ಣೆ ಕೊಡುತ್ತಿದ್ದರು. ಬೆಟ್ಟಕ್ಕೆ ಹೊರಡುವ ಮುಂಚೆ ಕೈಕಾಲಿಗೆ ಹಚ್ಚಿಕೊಂಡರೆ ಕೆಲವು ತಾಸು ಉಣುಗು ಹತ್ತುವುದಿಲ್ಲ. ಬಂದ ಮೇಲೆ ಬಿಸಿನೀರಿನ ಸ್ನಾನ, ಉಟ್ಟ ಬಟ್ಟೆಗೂ ಬಿಸಿನೀರು.

ಇಷ್ಟೊಂದು ಸರಳವಾದ ವಸ್ತು ಫೆಬ್ರವರಿಯಲ್ಲಿ ಏಕೆ ಬರಬೇಕು? ಅಷ್ಟರಲ್ಲಿ ಅತ್ತೆ ಐವತ್ತು ಸಲ ಬೆಟ್ಟ ಹತ್ತಿ ಇಳಿದಿರುತ್ತಾರೆ. ಮೊದಲ ಮಂಗ ಸತ್ತ ಮೇಲೆ, ಮೊದಲ ಜ್ವರ ಪತ್ತೆಯಾದ ಮೇಲೆ ಓಡಾಟ ಶುರುವಾಗುತ್ತದೆ. ಪಲ್ಸ್ ಪೋಲಿಯೊ ದಿನಗಳನ್ನು ನೆನಪಿಸಿಕೊಳ್ಳಿ. ಮೊದಲು ಯಾವುದಾದರೂ ಮಗುವಿಗೆ ಪೋಲಿಯೊ ಆಗಲಿ, ಆಮೇಲೆ ಹನಿ ಹಾಕೋಣ ಎಂದು ಯಾರೂ ಕಾಯಲಿಲ್ಲ. ಭಾನುವಾರ ಗೊತ್ತು, ಬೂತ್ ಗೊತ್ತು, ತಪ್ಪಿದ ಮಗುವನ್ನು ಹುಡುಕಿಕೊಂಡು ಸಂಕ ದಾಟಿ ಮನೆಗೇ ಬರುತ್ತಿದ್ದರು. 2011ರ ಜನವರಿಯ ನಂತರ ದೇಶದಲ್ಲಿ ಸಹಜವಾಗಿ ಹರಡುವ (ವೈಲ್ಡ್) ಪೋಲಿಯೊದ ಒಂದೂ ಪ್ರಕರಣವಿಲ್ಲ, 2014ರಲ್ಲಿ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರವೂ ಸಿಕ್ಕಿತು. ಅಷ್ಟು ದೊಡ್ಡದನ್ನು ಮಾಡಿದ ದೇಶಕ್ಕೆ ದೀಪಾವಳಿ ಮುಗಿಯುವುದರೊಳಗೆ ನಮ್ಮ ನಾಲ್ಕಾರು ತಾಲ್ಲೂಕಿನ ಕಾಡಂಚಿನ ಮನೆಗಳಿಗೆ ಎಣ್ಣೆ ಮುಟ್ಟಿಸಲಾಗದೆ?

ಜ್ವರದ ಪರೀಕ್ಷೆಯದ್ದೂ ಇದೇ ಕತೆ. ಅತ್ತೆಯ ಊರಲ್ಲೇ ತೋಟದ ಕೆಲಸದವರೊಬ್ಬರಿಗೆ ದಿಢೀರನೆ ಜ್ವರ, ತಲೆ ಸಿಡಿಯುವ ನೋವು, ಸೊಂಟ ಎತ್ತಲಾಗದಷ್ಟು ಮೈಕೈ ನೋವು, ಕೆಂಪು ಕಣ್ಣು. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ವೈರಲ್ ಜ್ವರವೆಂದು ಇಂಜೆಕ್ಷನ್ ಚುಚ್ಚಿ ಕಳಿಸಿದರು. ಎಲ್ಲಿ ಕೆಲಸ ಮಾಡುತ್ತೀರಿ, ಬೆಟ್ಟಕ್ಕೆ ಹೋಗಿದ್ದಿರಾ ಎಂದು ಯಾರೂ ಕೇಳಲಿಲ್ಲ. ಆರನೇ ದಿನ ಒಸಡಿನಲ್ಲಿ ರಕ್ತ. ರಾತ್ರೋರಾತ್ರಿ ಗೇರುಸೊಪ್ಪೆ ಘಟ್ಟ ಇಳಿದು, ಹೊನ್ನಾವರ ದಾಟಿ ಮಣಿಪಾಲದ ದಾರಿ. ಅವರ ಹೆಂಡತಿ ಆಂಬುಲೆನ್ಸಿನಲ್ಲಿ ದಾರಿಯುದ್ದಕ್ಕೂ ಟವೆಲಿನಿಂದ ಬಾಯಿ ಒರೆಸುತ್ತಲೇ ಇದ್ದರಂತೆ. ಬದುಕಿ ಬಂದರು. ಬದುಕದವರೂ ಇದ್ದಾರೆ, ನೂರಕ್ಕೆ ಮೂರರಿಂದ ಐದು ಮಂದಿ.

ಈ ರೋಗಕ್ಕೆಂದೇ ಔಷಧಿಯಿಲ್ಲ. ಆದರೆ ಬೇಗ ಗೊತ್ತಾದರೆ ನೀರಿನಂಶ, ಪ್ಲೇಟ್‌ಲೆಟ್ ನೋಡಿಕೊಂಡು ಉಳಿಸಿಕೊಳ್ಳಬಹುದು. ಈ ಹಂಗಾಮಿನಲ್ಲಿ ಜ್ವರ ಬಂದರೆ ನೋವಿನ ಮಾತ್ರೆ ನುಂಗಿ ಮಲಗಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಬೆಟ್ಟಕ್ಕೆ ಹೋಗಿದ್ದೆ ಎಂದು ನೀವಾಗಿಯೇ ಹೇಳಿ ರಕ್ತ ಕೊಡಿ. ಜ್ವರ ಇಳಿದು ವಾರ ಎರಡು ವಾರದ ಮೇಲೆ ಕೈ ನಡುಗಿದರೆ, ಮಾತು ಕಲಸಿದರೆ ಮತ್ತೆ ಹೋಗಿ. ಕೆಲವರಿಗೆ ಇದು ಎರಡನೇ ಸಲ ಮರಳುತ್ತದೆ.

ನಿನ್ನೆ ಅತ್ತೆಯ ಫೋನ್ ಬಂದಿತ್ತು. ಮತ್ತಿಮರದ ಎಲೆ ಉದುರಲಿಕ್ಕೆ ಹಿಡಿದಿದೆಯಂತೆ, ಹೆಡಿಗೆಯ ಅಂಚು ಬಿಟ್ಟಿದ್ದನ್ನು ಕಟ್ಟಿಸಿ ಇಟ್ಟಾಯಿತಂತೆ. ಎಣ್ಣೆ ಕೊಟ್ಟರಾ ಅಂದೆ. ಹೋದ ವರ್ಷದ ಬಾಟಲಿಯ ತಳದಲ್ಲಿ ಎರಡು ಚಮಚದಷ್ಟಿದೆ, ಅದನ್ನೇ ಕೊಟ್ಟಿಗೆಯ ಗೂಡಿನಲ್ಲಿ ಇಟ್ಟಿದ್ದೇನೆ ಅಂದರು.