60 ಸಾವಿರದ ಅರಿಶಿನ

ನಮ್ಮ ಮನೆಗೆ ಫ್ರಿಜ್ಜು ತಂದಾಗ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ವಾಷಿಂಗ್ ಮೆಷಿನ್ ಬಂದಾಗಲೂ ಅಷ್ಟೇ. ಆದರೆ ನನಗೊಂದು ಲ್ಯಾಪ್‌ಟಾಪ್ ಬೇಕು ಅಂದಿದ್ದೇ ತಡ, ನೆಂಟರಿಷ್ಟರೆಲ್ಲ ರಾತ್ರೋರಾತ್ರಿ ತಜ್ಞರಾಗಿಬಿಟ್ಟರು. ನನ್ನ ಕೆಲಸ ಮದುವೆ ಕರೆಯೋಲೆ, ಗೃಹಪ್ರವೇಶದ ಕಾರ್ಡು, ಆಗೊಮ್ಮೆ ಈಗೊಮ್ಮೆ ಮಕ್ಕಳ ಪುಸ್ತಕಕ್ಕೆ ಚಿತ್ರ. ಬಜೆಟ್ಟು 60 ಸಾವಿರ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿಯಾದರೂ ಉಳಿದದ್ದನ್ನು ನಮ್ಮ ಮನೆಯವರು ಹಾಕಬೇಕು. ಅವರು ಹಾಕಿದರೆ ಅದು ಮನೆಯ ಲ್ಯಾಪ್‌ಟಾಪ್ ಆಗುತ್ತದೆ. ಮನೆಯ ಲ್ಯಾಪ್‌ಟಾಪ್ ಅಂದರೆ ದಿನವಿಡೀ ಎಕ್ಸೆಲ್ ತೆರೆದಿರುವ ಲ್ಯಾಪ್‌ಟಾಪ್.

ಮೊದಲ ಫೋನು ಭಾವನದು. "ಏನಮ್ಮ, ಏನಾದ್ರೂ ತಗೋ, ಐ7 ಮಾತ್ರ ಇರಲಿ." ಯಾಕೆ ಅಂದೆ. "ಐ5ಗಿಂತ ಎರಡು ಜಾಸ್ತಿ ಅಲ್ವಾ!" ಈ ಲೆಕ್ಕಕ್ಕೆ ಎದುರಾಡುವುದು ಕಷ್ಟ. ಆದರೂ ಒಂದು ಸಂಜೆ ಕೂತು ಓದಿಕೊಂಡೆ. ಐ5, ಐ7 ಅನ್ನುವುದು ಲ್ಯಾಪ್‌ಟಾಪಿನ ಮಿದುಳಾದ ಚಿಪ್‌ನ ದರ್ಜೆಯಂತೆ. ಇಂಟೆಲ್‌ನ ಐ7-1255ಯು ಚಿಪ್‌ನಲ್ಲಿ ಭಾರಿ ಕೆಲಸ ಮಾಡುವ ದೊಡ್ಡ ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು, ಎರಡೇ. ಐ5-12500ಎಚ್ ಅನ್ನುವುದರಲ್ಲಿ ಅವು ನಾಲ್ಕು. ಕೊನೆಯಲ್ಲಿರುವ ಆ ಒಂದಕ್ಷರದಲ್ಲೇ ಎಲ್ಲ ಇದೆ: 'ಯು' ಬ್ಯಾಟರಿ ಉಳಿಸುವ ಜಾತಿ, 'ಎಚ್' ದುಡಿಯುವ ಜಾತಿ. ಇಂಟೆಲ್‌ನ ಎದುರಾಳಿ ಎಎಂಡಿಯವರದು ಇನ್ನೂ ಮಜಾ. ರೈಜನ್ 5 7520ಯು ಅಂತ ಒಂದಿದೆ. 7 ಸಾವಿರದ ಸಾಲು ಅಂದಮೇಲೆ ಹೊಸದು ಅಂದುಕೊಳ್ಳುತ್ತೇವೆ. ಮೂರನೆಯ ಅಂಕಿ ನೋಡಬೇಕಂತೆ. ಅಲ್ಲಿರುವ 2 ಅಂದರೆ ಒಳಗಿರುವುದು ಝೆನ್ 2, 2019ರಲ್ಲಿ ಬಂದ ವಿನ್ಯಾಸ. ಜಾತಕ ನೋಡುವವರಿಗೂ ಇಷ್ಟು ಮನೆ ಎಣಿಸುವ ಗೋಳಿಲ್ಲ. ಇಷ್ಟನ್ನೂ ಬಿಡಿಸಿ ಹೇಳಿದೆ. ಭಾವ ಪೂರ್ತಿ ಕೇಳಿಸಿಕೊಂಡು, "ಸರಿ, ಆದ್ರೂ ಐ7 ಐ7ನೇ" ಅಂದರು.

ಎರಡನೆಯವನು ಅಕ್ಕನ ಮಗ. "ಚಿಕ್ಕಮ್ಮಾ, ಆರ್‌ಟಿಎಕ್ಸ್ ಇಲ್ದೆ ತಗೊಂಡ್ರೆ ಸುಮ್ನೆ ವೇಸ್ಟು." ಆರ್‌ಟಿಎಕ್ಸ್ ಅಂದರೆ ಗೇಮ್ ಆಡುವವರು ಬಯಸುವ ಪ್ರತ್ಯೇಕ ಗ್ರಾಫಿಕ್ಸ್ ಚಿಪ್. ಅವನು ಪ್ರತಿ ಶನಿವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಾನೆ, ಹಾಗಾಗಿ ಸಲಹೆ ಯಾರ ಅನುಕೂಲಕ್ಕೆ ಅನ್ನುವುದು ಗೊತ್ತಾಯಿತು. ನೋಡೋಣ ಅಂತ ಅಕ್ಕನ ಮನೆಗೆ ಹೋದಾಗ ಅವನ ಗೇಮಿಂಗ್ ಲ್ಯಾಪ್‌ಟಾಪನ್ನೇ ಒಮ್ಮೆ ತೊಡೆಯ ಮೇಲಿಟ್ಟುಕೊಂಡೆ. ಅದೇ ಎರಡು ಕೆಜಿಗಿಂತ ಜಾಸ್ತಿ, ಅಡಾಪ್ಟರ್ ಬೇರೆ. ದೊಡ್ಡದೊಂದು ಫೈಲು ತೆರೆದೆ, ಫ್ಯಾನು ಶುರುವಾಯಿತು. ಒಳಗಿನಿಂದ ಅಕ್ಕನ ಅತ್ತೆ ಕೂಗಿದರು: "ಚಟ್ನಿ ಆಗ್ಲೇ ಆಯ್ತಲ್ಲ, ಇನ್ನೂ ಯಾಕೆ ಮಿಕ್ಸಿ ಹಾಕಿದೀರಿ?" ವಿಡಿಯೋ ಎಡಿಟಿಂಗ್, ತ್ರೀಡಿ ಕೆಲಸ ಮಾಡುವವರಿಗೆ ಪ್ರತ್ಯೇಕ ಗ್ರಾಫಿಕ್ಸ್ ಬೇಕೇ ಬೇಕು. ಕರೆಯೋಲೆಯ ಮೇಲೆ ಗಣಪತಿ ಕೂರಿಸುವ ನನಗೆ ಬೇಡ.

ನನಗೆ ಬೇಕಿದ್ದದ್ದು ಸ್ಕ್ರೀನು. ವಿಚಿತ್ರ ಅಂದರೆ, ಸಲಹೆ ಕೊಟ್ಟವರಲ್ಲಿ ಒಬ್ಬರಾದರೂ ಸ್ಕ್ರೀನಿನ ಮಾತೆತ್ತಲಿಲ್ಲ. ದಿನಕ್ಕೆ ಎಂಟು ಗಂಟೆ ದಿಟ್ಟಿಸುವುದು ಅದನ್ನೇ ತಾನೇ?

ಹಳೆಯ ಲ್ಯಾಪ್‌ಟಾಪು ಮನೆಯವರ ಆಫೀಸು ಕೈಬಿಟ್ಟದ್ದು. ಅದರ ಸ್ಕ್ರೀನಿನಲ್ಲಿ ಅರಿಶಿನ ಅನ್ನುವುದು ಸ್ವಲ್ಪ ಹಸಿರಿಗೆ ತಿರುಗಿ, ಬಿಸಿಲು ಕಾಣದ ಬಾಳೆಲೆಯ ಬಣ್ಣದಲ್ಲಿ ಕಾಣುತ್ತಿತ್ತು. ಒಂದು ಮದುವೆ ಕಾರ್ಡಿಗೆ ಚೂರು ಚೂರೇ ಕೆಂಪು ಸೇರಿಸಿ, ಆ ಸ್ಕ್ರೀನಿನಲ್ಲಿ ಅರಿಶಿನ ಅರಿಶಿನದಂತೆ ಕಾಣುವ ಹಾಗೆ ಮಾಡಿದೆ. ಪ್ರೆಸ್ಸಿಗೆ ಹೋಯಿತು. ಅಚ್ಚಾಗಿ ಬಂದದ್ದು ಅಪ್ಪಟ ಕಾವಿ. ಹುಡುಗಿಯ ತಂದೆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತುಂಬಾ ಮೆಲ್ಲಗೆ ಕೇಳಿದರು: "ಅಲ್ಲಮ್ಮಾ, ಇದು ಮದುವೆಗಾ, ಸನ್ಯಾಸ ದೀಕ್ಷೆಗಾ?"

ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳ ವಿವರಪಟ್ಟಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ '45% ಎನ್‌ಟಿಎಸ್‌ಸಿ' ಅಂತ ಬರೆದಿರುತ್ತದೆ. ಎನ್‌ಟಿಎಸ್‌ಸಿ ಅನ್ನುವುದು 1953ರಲ್ಲಿ ಅಮೆರಿಕದ ಕಲರ್ ಟೀವಿ ಎಷ್ಟು ಬಣ್ಣ ತೋರಿಸಬೇಕು ಅಂತ ಹಾಕಿದ ಅಳತೆ. ನಮ್ಮಜ್ಜನ ಕಾಲದ ಟೀವಿಯ ಅರ್ಧದಷ್ಟು ಬಣ್ಣವನ್ನೂ ಈ ಸ್ಕ್ರೀನು ತೋರಿಸುವುದಿಲ್ಲ ಅಂತ ಅವರೇ ಒಪ್ಪಿಕೊಂಡಿರುತ್ತಾರೆ, ನಾವು ಓದುವುದಿಲ್ಲ. ಈಗಿನ ಕೆಲಸಕ್ಕೆ ಆಗುವ ಅಳತೆ 1996ರಲ್ಲಿ ಬಂದ ಎಸ್‌ಆರ್‌ಜಿಬಿ. 45% ಎನ್‌ಟಿಎಸ್‌ಸಿ ಅಂದರೆ ಎಸ್‌ಆರ್‌ಜಿಬಿಯ ಸುಮಾರು 60-65%. ಅಂಥ ಸ್ಕ್ರೀನಿನಲ್ಲಿ ಕುಂಕುಮ ಇಟ್ಟಿಗೆಯಾಗುತ್ತದೆ. ಪಟ್ಟಿಯಲ್ಲಿ '100% ಎಸ್‌ಆರ್‌ಜಿಬಿ' ಅಂತ ಇದ್ದರೆ ಮಾತ್ರ ನನ್ನಂಥವರು ಮುಂದಿನ ಸಾಲು ಓದಬೇಕು.

ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದೆವು. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ, ಹಾಗಂದರೆ ಆಟೋದವರಿಗೆ ತಿಳಿಯುವುದಿಲ್ಲ. ಟೌನ್‌ಹಾಲ್ ಹತ್ತಿರ ಇಳಿದು, ಕೇಬಲ್ಲಿನ ಸುರುಳಿ, ಕೀಬೋರ್ಡಿನ ರಾಶಿ ದಾಟಿಕೊಂಡು ಒಂದು ಅಂಗಡಿ ಹತ್ತಿದೆವು. ಲ್ಯಾಪ್‌ಟಾಪ್ ನನಗೆ, ದುಡ್ಡು ನನ್ನದು, ಪ್ರಶ್ನೆ ಕೇಳಿದ್ದೂ ನಾನು. ಅಂಗಡಿಯ ಹುಡುಗ ಉತ್ತರ ಕೊಟ್ಟದ್ದು ಮಾತ್ರ ನಮ್ಮ ಮನೆಯವರಿಗೆ.

"ಸರ್, ಮೇಡಂಗೆ ಇದು ಸಾಕು ಸರ್. ಲೈಟ್ ವೇಟು, ಪಿಂಕ್ ಕಲರ್ ಕೂಡ ಇದೆ."

"ಸ್ಕ್ರೀನು ಎಷ್ಟು ಪರ್ಸೆಂಟ್ ಎಸ್‌ಆರ್‌ಜಿಬಿ?" ಅಂದೆ.

ಹುಡುಗ ಮನೆಯವರ ಮುಖ ನೋಡಿದ. ಮನೆಯವರು ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಹುಡುಗ, "ಫುಲ್ ಎಚ್‌ಡಿ ಸರ್" ಅಂದ.

ಅಂಗಡಿಯಲ್ಲಿಟ್ಟ ಲ್ಯಾಪ್‌ಟಾಪ್‌ಗಳಲ್ಲೆಲ್ಲ ಗಿಳಿ, ಜಲಪಾತ, ಸೂರ್ಯಾಸ್ತ ಓಡುತ್ತಿದ್ದವು. ಬೆಳಕನ್ನು ಕೊನೆಯವರೆಗೂ ಏರಿಸಿಟ್ಟಿರುತ್ತಾರೆ, ಗಿಳಿಯ ನಿಜವಾದ ಬಣ್ಣ ನಾವ್ಯಾರೂ ಕಂಡವರಲ್ಲ, ಹಾಗಾಗಿ ಎಲ್ಲವೂ ಚೆನ್ನಾಗಿ ಕಾಣುತ್ತವೆ. ನಾನು ಪೆನ್‌ಡ್ರೈವಿನಲ್ಲಿ ನನ್ನದೇ ಚಿತ್ರ ಒಯ್ದಿದ್ದೆ: ನಮ್ಮ ಹಳದಿ-ಕೆಂಪು ಬಾವುಟ, ಪಕ್ಕದಲ್ಲಿ ಮೆರೂನ್ ಬಣ್ಣದ ಮೈಸೂರು ಸಿಲ್ಕ್ ಸೀರೆಯ ಸೆರಗು. ಆ ಸೀರೆಯನ್ನೇ ಉಟ್ಟು ಹೋಗಿದ್ದೆ, ಹೋಲಿಸಿ ನೋಡಲು. ಒಂದೊಂದು ಸ್ಕ್ರೀನಿನ ಪಕ್ಕವೂ ಸೆರಗು ಹಿಡಿದು ನೋಡುತ್ತಾ ಹೋದೆ. ಒಂದರಲ್ಲಿ ಸೀರೆ ಕಾಫಿಪುಡಿ, ಇನ್ನೊಂದರಲ್ಲಿ ಬದನೆಕಾಯಿ. ಅಷ್ಟರಲ್ಲಿ ಅಂಗಡಿಗೆ ಬಂದಿದ್ದ ಹೆಂಗಸೊಬ್ಬರು ಹತ್ತಿರ ಬಂದು, "ಇಲ್ಲಿ ಸೀರೆನೂ ಸಿಗುತ್ತಾ?" ಅಂತ ಕೇಳಿದರು. ಮನೆಯವರು ಆಗಲೇ ಫುಟ್‌ಪಾತಿಗೆ ಇಳಿದು, ಯಾರೋ ಏನೋ ಎಂಬಂತೆ ನಿಂತಿದ್ದರು.

ಮೂಲೆಯಲ್ಲಿದ್ದ ಒಂದು 14 ಇಂಚಿನದರಲ್ಲಿ ಸೀರೆ ಸೀರೆಯಾಗಿಯೇ ಕಂಡಿತು. ಪಟ್ಟಿ ನೋಡಿದರೆ 100% ಎಸ್‌ಆರ್‌ಜಿಬಿ, ಎಚ್ ಜಾತಿಯ ಐ5, 512 ಜಿಬಿ ಎಸ್‌ಎಸ್‌ಡಿ ಡಿಸ್ಕು. ಇದೇ ಮಾಡಲ್ಲಿನಲ್ಲಿ 8 ಜಿಬಿ ರ‍್ಯಾಮ್‌ನದು ಐದಾರು ಸಾವಿರ ಕಮ್ಮಿಗೆ ಇತ್ತು. ಆಮೇಲೆ ಹಾಕಿಸಿಕೊಂಡರಾಯಿತು ಅಂತ ಮನೆಯವರು ಹೇಳಿದರು. ಆಗುವುದಿಲ್ಲ. ಇದರಲ್ಲೂ ಇಂಥ ಎಷ್ಟೋ ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲೂ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಹುಟ್ಟಿದಾಗ ಎಷ್ಟೋ ಸಾಯುವವರೆಗೂ ಅಷ್ಟೇ. 16 ಜಿಬಿಯದನ್ನೇ ತೆಗೆದುಕೊಂಡೆ. 60 ಸಾವಿರದ ಒಳಗೇ ಬಂತು, ಬ್ಯಾಗು ಫ್ರೀ. 'ನೋ ಕಾಸ್ಟ್ ಇಎಂಐ' ಬೇಕಾ ಅಂತ ಕೇಳಿದರು. ಬಡ್ಡಿಯನ್ನು ಡಿಸ್ಕೌಂಟ್ ಅಂತ ಬಿಟ್ಟರೂ, ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ಕಾರ್ಡಿನ ಬಿಲ್ಲಿನಲ್ಲಿ ಸದ್ದಿಲ್ಲದೆ ಬಂದು ಕೂರುತ್ತದೆ. ಬೇಡ ಅಂದೆ.

ಮನೆಗೆ ಬಂದು ತೆರೆದರೆ ಡಿಸ್ಕು ತೋರಿಸಿದ್ದು 476 ಜಿಬಿ. ಇದನ್ನು ಮೊದಲು ಕಂಡದ್ದು ಮನೆಯವರು. ಲೆಕ್ಕದಲ್ಲಿ ಅವರ ಕಣ್ಣು ತಪ್ಪುವುದು ಅಪರೂಪ. "36 ಜಿಬಿ ಕಮ್ಮಿ ಕೊಟ್ಟಿದ್ದಾನೆ. ನಡಿ, ಈಗ್ಲೇ ಹೋಗೋಣ." ಡಿಸ್ಕು ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಯಾರೂ ಏನೂ ಕದ್ದಿಲ್ಲ ಅಂತ ತಿಳಿಸಿ ಹೇಳಿದೆ. "ಚಿನ್ನದಂಗಡಿಯವನು ಹೀಗೇ ಎರಡು ಲೆಕ್ಕ ಹೇಳಿದ್ರೆ ಸುಮ್ನಿರ್ತಿದ್ಯಾ?" ಅಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಚಿತ್ರ ಬರೆಯಲು ಕೃತಾ, ಅಕ್ಷರಕ್ಕೂ ಬಳ್ಳಿಗೂ ಇಂಕ್‌ಸ್ಕೇಪ್, ಎರಡೂ ಬಿಟ್ಟಿ ಸಾಫ್ಟ್‌ವೇರು. ಇಂಕ್‌ಸ್ಕೇಪಿನಲ್ಲಿ ಒತ್ತಕ್ಷರ ಸರಿಯಾಗಿ ಕೆಳಗೇ ಕೂರುತ್ತದೆ, ಕರೆಯೋಲೆಯವರಿಗೆ ಇದಕ್ಕಿಂತ ದೊಡ್ಡ ಭಾಗ್ಯ ಇಲ್ಲ. ನಮ್ಮ ಪ್ರೆಸ್ಸಿನವರ ಹತ್ತಿರ ಇರುವುದು ಪುಟ ಜೋಡಿಸುವ 2001ರ ಪೇಜ್‌ಮೇಕರ್ 7, ನುಡಿ ಫಾಂಟು, ಮೇಲೆ ಅರಿಶಿನ-ಕುಂಕುಮ ಹಚ್ಚಿದ ಡಬ್ಬದಂಥ ಕಂಪ್ಯೂಟರು. ಅದು ಒಂದು ದಿನವೂ ಹ್ಯಾಂಗ್ ಆಗಿಲ್ಲ, ಅವರಿಗೆ ಯಾವ ಭಾವನೂ ಫೋನ್ ಮಾಡುವುದಿಲ್ಲ.

ಹೊಸ ಸ್ಕ್ರೀನಿನ ಮೊದಲ ಕೆಲಸ ಒಂದು ನಾಮಕರಣದ ಕಾರ್ಡು. ಹಾಲಿನಂಥ ಬಿಳಿ ಹಿನ್ನೆಲೆ, ಮೇಲೊಂದು ತಿಳಿನೀಲಿ ತೊಟ್ಟಿಲು. ರಾತ್ರಿ ಹತ್ತರ ಹೊತ್ತಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಕೂಡಲೇ ಮಗುವಿನ ಅಜ್ಜಿಯ ಫೋನು.

"ಬಿಳಿ ಅಂದಿದ್ದೆನಲ್ಲಮ್ಮ. ನೀವು ಕೆನೆ ಬಣ್ಣ ಹಾಕಿದೀರ. ತೊಟ್ಟಿಲೂ ಹಸಿರಾಗಿದೆ."

ಕೇಳಿ ನೋಡಿದರೆ, ಕಣ್ಣಿಗೆ ಒಳ್ಳೆಯದು ಅಂತ ಮೊಮ್ಮಗ ಅವರ ಮೊಬೈಲಿಗೆ ನೈಟ್ ಮೋಡ್ ಹಾಕಿಕೊಟ್ಟಿದ್ದಾನೆ. ಸೂರ್ಯ ಮುಳುಗಿದ ಕೂಡಲೇ ಪರದೆ ತಾನಾಗಿ ಹಳದಿಗೆ ತಿರುಗುತ್ತದೆ. ಅದನ್ನು ಫೋನಿನಲ್ಲಿ ವಿವರಿಸುವ ತ್ರಾಣ ಇರಲಿಲ್ಲ. "ಸರಿ ಮಾಡಿ ಕಳಿಸ್ತೀನಿ ಅಮ್ಮ" ಅಂದು ಮಲಗಿದೆ. ಬೆಳಿಗ್ಗೆ ಎಂಟಕ್ಕೆ ಅದೇ ಫೈಲನ್ನು ಇನ್ನೊಮ್ಮೆ ಕಳಿಸಿದೆ.

"ನೋಡಿ, ಈಗ ಎಷ್ಟು ಚೆನ್ನಾಗಿ ಬಂತು!" ಅಂದರು. "ಹೊಸ ಲ್ಯಾಪ್‌ಟಾಪ್ ತಗೊಂಡ್ರಂತೆ. ಐ7ನೇ ಅಲ್ವಾ?"